ಕೈಗುಣ ಮತ್ತು ಪಥ್ಯ: ಚಿಕ್ಕಬಳ್ಳಾಪುರ ಸೀಮೆಯಲ್ಲಿ ರೋಗಿಯ ಸಮಾಧಾನ ಹಾಗೂ ಔಷಧಪಾಲನೆಯ ಚರಿತ್ರೆ

ಕನ್ನಡದಲ್ಲಿ ಜನಪದ ವೈದ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮದ್ದಿನ ಅಧ್ಯಯನಗಳಾಗಿಯೇ ಬೆಳೆದುಬಂದಿವೆ. ಯಾವ ಬೇರು, ಯಾವ ತೊಗಟೆ, ಯಾವ ಎಲೆಯ ರಸ, ಅದಕ್ಕೆ ಅನುಪಾನ ಯಾವುದು ಎಂಬುದನ್ನು ನಾಟಿವೈದ್ಯರ ಬಾಯಿಂದ ಕೇಳಿ ಪಟ್ಟಿ ಮಾಡುವ ಕೆಲಸ ಶ್ರದ್ಧೆಯಿಂದ ನಡೆದಿದೆ. ಅದರ ಮಹತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮದ್ದನ್ನು ಕೊಡುವವನು ಈ ಬರವಣಿಗೆಯಲ್ಲಿ ಎದ್ದು ಕಾಣುವಷ್ಟು ಅದನ್ನು ತೆಗೆದುಕೊಳ್ಳುವವನು ಕಾಣುವುದಿಲ್ಲ. ಆತ ಮದ್ದನ್ನು ಪೂರ್ತಿ ತೆಗೆದುಕೊಂಡನೇ, ನಡುವೆ ಬಿಟ್ಟನೇ, ಬಿಟ್ಟದ್ದಾದರೆ ಏಕೆ ಬಿಟ್ಟ, ವೈದ್ಯನ ಬಗ್ಗೆ ಅವನ ಮನಸ್ಸಿನಲ್ಲಿ ಏನಿತ್ತು ಎಂಬ ಪ್ರಶ್ನೆಗಳನ್ನು ಜಾನಪದ ವಿದ್ವಾಂಸರು ಹೆಚ್ಚಾಗಿ ಕೇಳಿಲ್ಲ. ಇದೇ ಪ್ರಶ್ನೆಗಳನ್ನು ಆರೋಗ್ಯ ಸಂಶೋಧಕರು ಕಳೆದ ಆರು ದಶಕಗಳಿಂದ ಕೇಳುತ್ತ ಬಂದಿದ್ದಾರೆ. ರೋಗಿಯ ತೃಪ್ತಿ, ಔಷಧಪಾಲನೆ ಎಂಬ ಎರಡು ಪರಿಭಾಷೆಗಳ ಸುತ್ತ ವೈದ್ಯಕೀಯ ಜಗತ್ತಿನಲ್ಲಿ ದೊಡ್ಡದೊಂದು ಸಾಹಿತ್ಯವೇ ಬೆಳೆದಿದೆ. ಆದರೆ ಆ ಸಾಹಿತ್ಯ ಜನರಾಡುವ ಮಾತಿನ ಕಡೆಗೆ ಕಿವಿಗೊಟ್ಟದ್ದು ಕಡಮೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಈ ಎರಡು ದಾರಿಗಳನ್ನು ಒಂದೆಡೆ ಕೂಡಿಸಿ ನೋಡುವ ಪ್ರಯತ್ನ ಪ್ರಸ್ತುತ ಲೇಖನದ್ದು.

ಈ ನಾಲ್ಕೂ ತಾಲ್ಲೂಕುಗಳು 2007ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾಗುವವರೆಗೆ ಕೋಲಾರ ಜಿಲ್ಲೆಯ ಭಾಗವಾಗಿದ್ದವು. ಹಾಗಾಗಿ ಇಲ್ಲಿನ ಆರೋಗ್ಯ ಚರಿತ್ರೆಯನ್ನು ಹುಡುಕುವವರು ಹಳೆಯ ದಾಖಲೆಗಳಲ್ಲಿ ಕೋಲಾರದ ಹೆಸರಿನಡಿಯಲ್ಲಿಯೇ ಹುಡುಕಬೇಕು. ಸೀಮೆಯ ಬಹುಪಾಲು ಹಳ್ಳಿಗಳಲ್ಲಿ ಮನೆಮಾತು ತೆಲುಗು, ಶಾಲೆ ಮತ್ತು ಕಚೇರಿಯ ಮಾತು ಕನ್ನಡ. ಸಂತೆಯಲ್ಲಿ ಎರಡೂ ಬೆರೆತು ನಡೆಯುತ್ತವೆ, ಜೊತೆಗೆ ದಖನಿ ಉರ್ದುವೂ ಉಂಟು. ರೋಗಿಗಳು ಹೋಗುವ ದಾರಿಗಳೂ ರಾಜ್ಯದ ಗಡಿಯನ್ನು ಲೆಕ್ಕಕ್ಕಿಡುವುದಿಲ್ಲ. ಚಿಂತಾಮಣಿಯವರಿಗೆ ಮದನಪಲ್ಲಿ ಹತ್ತಿರ. ಗೌರಿಬಿದನೂರಿನವರಿಗೆ ಹಿಂದೂಪುರ ನೆರೆಯೂರು. 1991ರಲ್ಲಿ ಪುಟ್ಟಪರ್ತಿಯಲ್ಲಿ ಉಚಿತ ಚಿಕಿತ್ಸೆಯ ದೊಡ್ಡ ಆಸ್ಪತ್ರೆ ತೆರೆದ ಮೇಲೆ ಉತ್ತರದ ದಾರಿಗೆ ಇನ್ನೊಂದು ಕಾರಣ ಸೇರಿತು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟದವರು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಮುರುಗಮಲ್ಲದ ಅಮ್ಮಾಜಾನ್ ಬಾವಾಜಾನ್ ದರ್ಗಾಕ್ಕೆ, ವಿದುರಾಶ್ವತ್ಥದ ನಾಗರಕಲ್ಲುಗಳಿಗೆ ಹರಕೆ ಹೊತ್ತು ಹೋಗುವವರಲ್ಲಿಯೂ ಇದೇ ಜನರಿದ್ದಾರೆ. ಒಬ್ಬನೇ ರೋಗಿ ಈ ದಾರಿಗಳಲ್ಲಿ ಎರಡು ಮೂರನ್ನು ಒಂದೇ ವರ್ಷದಲ್ಲಿ ತುಳಿಯುವುದು ಇಲ್ಲಿ ಅಚ್ಚರಿಯ ಸಂಗತಿಯಲ್ಲ.

ಇಷ್ಟು ದಾರಿಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದನ್ನು ನಿರ್ಧರಿಸುವ ಒಂದು ಮಾತು ಈ ಸೀಮೆಯಲ್ಲಿ ಸದಾ ಕೇಳಿಬರುತ್ತದೆ. ಅದು ‘ಕೈಗುಣ’. ಆ ಡಾಕ್ಟರ ಕೈಗುಣ ಚೆನ್ನಾಗಿದೆ ಎಂದರೆ ಅವರ ವಿದ್ಯೆ ದೊಡ್ಡದು ಎಂದಷ್ಟೇ ಅರ್ಥವಲ್ಲ. ಅವರು ಮುಟ್ಟಿದರೆ ವಾಸಿಯಾಗುತ್ತದೆ ಎಂಬ ನಂಬಿಕೆ ಅದರಲ್ಲಿದೆ. ತೆಲುಗಿನಲ್ಲಿ ಇದನ್ನೇ ‘ಹಸ್ತವಾಸಿ’ ಎನ್ನುತ್ತಾರೆ. ಕನ್ನಡದ ‘ಗುಣ’ ಸ್ವಭಾವವನ್ನೂ ಹೇಳುತ್ತದೆ, ರೋಗ ಗುಣವಾಗುವುದನ್ನೂ ಹೇಳುತ್ತದೆ. ವೈದ್ಯನ ನಡತೆ ಮತ್ತು ಮದ್ದಿನ ಫಲ ಎರಡನ್ನೂ ಒಂದೇ ಮಾತಿನಲ್ಲಿ ಕಟ್ಟಿಡುವ ಈ ಪರಿಭಾಷೆಯನ್ನು ಮೂಢನಂಬಿಕೆ ಎಂದು ಬದಿಗೆ ಸರಿಸುವುದು ಸುಲಭ. ಆದರೆ ಜನರು ಅದನ್ನು ಹೇಗೆ ಬಳಸುತ್ತಾರೆ ಎಂದು ನೋಡಿದರೆ ಬೇರೊಂದು ಅರ್ಥ ತೆರೆದುಕೊಳ್ಳುತ್ತದೆ. ನಾಡಿ ಹಿಡಿದು ನೋಡಿದವರು, ಮೈ ಮುಟ್ಟಿದವರು, ಏನು ತಿನ್ನಬಹುದು ಏನು ತಿನ್ನಬಾರದು ಎಂದು ಕೇಳದೆಯೇ ಹೇಳಿದವರು ಕೈಗುಣವಂತರು. ಮುಖ ನೋಡದೆ ಚೀಟಿ ಬರೆದವರಿಗೆ, ಅವರು ಎಷ್ಟೇ ಓದಿರಲಿ, ಆ ಹೆಸರು ದೊರೆಯುವುದಿಲ್ಲ. ಸೂಜಿ ಹಾಕಿಸಿಕೊಳ್ಳಬೇಕೆಂಬ ಹಳ್ಳಿಗರ ಹಂಬಲದಲ್ಲಿಯೂ ಇದರ ಒಂದು ಎಳೆ ಇದೆಯೆಂದು ನನಗೆ ತೋರುತ್ತದೆ. ಗುಳಿಗೆಯನ್ನು ಕಾಂಪೌಂಡರು ಕಿಟಕಿಯಿಂದ ಕೊಡುತ್ತಾನೆ, ಸೂಜಿಗಾದರೋ ಯಾರಾದರೂ ಮೈ ಮುಟ್ಟಲೇಬೇಕು.

ಕೈಗುಣ ವೈದ್ಯನ ಪಾಲಿನದಾದರೆ ರೋಗಿಯ ಪಾಲಿನದು ‘ಪಥ್ಯ’. ನಗರದವರು ಈ ಪದವನ್ನು ಊಟದ ನಿಷೇಧಕ್ಕೆ ಸೀಮಿತಗೊಳಿಸಿಬಿಟ್ಟಿದ್ದಾರೆ. ಹಳ್ಳಿಯಲ್ಲಿ ಪಥ್ಯವೆಂದರೆ ಮದ್ದಿನ ವೇಳೆ, ಮದ್ದಿನ ಎಣಿಕೆ, ಉಣಿಸು, ನಿದ್ರೆ, ನೀರು, ನಡವಳಿಕೆ ಎಲ್ಲವೂ ಸೇರಿದ ಕಟ್ಟುಪಾಡು. ಕಾಮಾಲೆಗೆ ಮದ್ದು ಕೊಡುವವರು ಬೆಳಗಿನ ಬರಿಹೊಟ್ಟೆಯಲ್ಲಿ ಇಷ್ಟು ದಿನ ಎಂದು ಗೊತ್ತುಮಾಡಿ ಉಪ್ಪು, ಎಣ್ಣೆ, ಖಾರ ಬಿಡಿಸುತ್ತಾರೆ. ಗಾಯವಾದವರಿಗೆ ‘ನಂಜು’ ಎನಿಸಿದ ಪದಾರ್ಥಗಳು ವರ್ಜ್ಯ. ಮದ್ದು ಫಲಿಸದಿದ್ದರೆ ಮೊದಲು ಕೇಳುವ ಪ್ರಶ್ನೆ ‘ಪಥ್ಯ ಕೆಟ್ಟಿತೇ?’ ಎಂಬುದು. ಇದರಲ್ಲಿ ನಾಟಿವೈದ್ಯನಿಗೆ ಒಂದು ರಕ್ಷಣೆಯೂ ಇದೆ ಎಂಬುದನ್ನು ಮರೆಯುವಂತಿಲ್ಲ. ಮದ್ದು ಸೋತರೆ ತಪ್ಪು ರೋಗಿಯದಾಗುತ್ತದೆ. ಆಯುರ್ವೇದದ ಚರಕಸಂಹಿತೆಯೂ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಒಂದಾಗಿ ರೋಗಿಯನ್ನು ಎಣಿಸಿ, ಅವನಿಗಿರಬೇಕಾದ ನಾಲ್ಕು ಗುಣಗಳಲ್ಲಿ ‘ನಿರ್ದೇಶಕಾರಿತ್ವ’ವನ್ನು, ಎಂದರೆ ಹೇಳಿದಂತೆ ನಡೆಯುವುದನ್ನು, ಹೆಸರಿಸುತ್ತದೆ. ಅದೇ ಪಟ್ಟಿಯಲ್ಲಿ ‘ಜ್ಞಾಪಕತ್ವ’ವೂ ಇದೆ: ತನ್ನ ನೋವನ್ನು ವೈದ್ಯನಿಗೆ ತಿಳಿಯುವಂತೆ ಹೇಳಬಲ್ಲ ಶಕ್ತಿ. ರೋಗಿ ವಿಧೇಯನಾಗಿದ್ದರೆ ಸಾಲದು, ಮಾತನಾಡಲೂ ಬೇಕು ಎಂಬ ಈ ಎರಡನೆಯ ಗುಣವನ್ನು ಮುಂದಿನವರು ಮೊದಲನೆಯದರಷ್ಟು ನೆನಪಿಟ್ಟುಕೊಳ್ಳಲಿಲ್ಲ.

ಪಥ್ಯದ ಅತ್ಯಂತ ಪೂರ್ಣ ರೂಪ ಕಾಣುವುದು ‘ಅಮ್ಮ’ ಬಂದ ಮನೆಯಲ್ಲಿ. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು 1975ರಲ್ಲಿ ಕಂಡುಬಂದವು. ಆದರೆ ಆ ಕಾಲದ ಆಚರಣೆ ಸೀತಾಳೆ ಸಿಡುಬಿನ ಸಂದರ್ಭದಲ್ಲಿ ಇಂದಿಗೂ ಉಳಿದಿದೆ. ಮನೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಒಳಗೆ ಒಗ್ಗರಣೆಯ ವಾಸನೆ ಏಳಬಾರದು, ಮಾಂಸ ಬೇಯಿಸಬಾರದು, ಹೊರಗಿನವರು ಬರಬಾರದು. ರೋಗಿಗೆ ಬೇವಿನ ಎಲೆಯ ಹಾಸಿಗೆ, ಮೊಸರನ್ನ, ತಂಪು. ಇಳಿದ ಮೇಲೆ ಬೇವಿನ ನೀರು ಹಾಕುವುದು, ಮಾರಮ್ಮನಿಗೆ ತಂಪು ಒಯ್ಯುವುದು. ಇಲ್ಲಿ ಗಮನಾರ್ಹವಾದುದು ಒಂದಿದೆ. ಕಾಯಿಲೆ ಒಬ್ಬರದು, ಪಥ್ಯ ಮನೆಯವರೆಲ್ಲರದು. ಒಬ್ಬರು ಖಾರ ತಿಂದರೆ ಮಲಗಿರುವ ಮಗುವಿಗೆ ಉರಿ ಏರುತ್ತದೆ ಎಂಬ ಭಾವನೆ ಮನೆಮಂದಿಯನ್ನೆಲ್ಲ ಒಂದೇ ನಿಯಮದಲ್ಲಿ ಕೂಡಿಸುತ್ತದೆ. ಬೀದಿಯವರಿಗೂ ಅದು ಗೊತ್ತಿರುತ್ತದೆ. ಬೇವಿನ ತೋರಣ ಕಂಡವರು ದೂರದಿಂದಲೇ ಮಾತನಾಡಿಸಿ ಹೋಗುತ್ತಾರೆ. ಇದಕ್ಕೆ ಆರಂಭವೂ ಇದೆ, ಮುಕ್ತಾಯವೂ ಇದೆ. ಮೂರು ದಿನ, ಒಂಬತ್ತು ದಿನ, ಹೆಚ್ಚೆಂದರೆ ನಲವತ್ತೆಂಟು ದಿನಗಳ ಒಂದು ಮಂಡಲ: ಜನಪದ ಪಥ್ಯದ ಕಾಲಮಾನ ಬಹುಮಟ್ಟಿಗೆ ಇಷ್ಟೇ.

ಇನ್ನು ಆಧುನಿಕ ಸಂಶೋಧನೆಯ ಕಡೆಗೆ ತಿರುಗಬಹುದು. ಅಮೆರಿಕದ ಲಾಸ್ ಏಂಜಲೀಸಿನ ಮಕ್ಕಳ ಆಸ್ಪತ್ರೆಯಲ್ಲಿ ಬಾರ್ಬರಾ ಕೋರ್ಷ್ ಮತ್ತು ಸಂಗಡಿಗರು ತಾಯಂದಿರ 800 ಭೇಟಿಗಳನ್ನು ಅಭ್ಯಸಿಸಿ 1968 ಮತ್ತು 1969ರಲ್ಲಿ ಪ್ರಕಟಿಸಿದ ಬರಹಗಳು ಈ ಕ್ಷೇತ್ರದ ಮೊದಲ ಹೆಗ್ಗುರುತುಗಳಲ್ಲಿ ಸೇರಿವೆ. ವೈದ್ಯರ ಮಾತಿನಿಂದ ಸಮಾಧಾನಗೊಂಡ ತಾಯಂದಿರು ಸಲಹೆಯನ್ನು ಹೆಚ್ಚಾಗಿ ಪಾಲಿಸಿದರು ಎಂಬುದು ಅವರು ಕಂಡ ಸಂಗತಿ. ಕೈಗುಣ ಮತ್ತು ಪಥ್ಯದ ನಂಟನ್ನೇ ಅವರು ಅಂಕಿಗಳಲ್ಲಿ ತೋರಿಸಿದರು ಎನ್ನಬಹುದು. 1986ರಲ್ಲಿ ಮೊರಿಸ್ಕಿ ಮತ್ತು ಸಂಗಡಿಗರು ಔಷಧಪಾಲನೆಯನ್ನು ಅಳೆಯಲು ನಾಲ್ಕು ಸರಳ ಪ್ರಶ್ನೆಗಳ ಮಾಪಕವೊಂದನ್ನು ಮುಂದಿಟ್ಟರು. ವಿಶ್ವ ಆರೋಗ್ಯ ಸಂಸ್ಥೆ 2003ರ ತನ್ನ ವರದಿಯಲ್ಲಿ, ಮುಂದುವರಿದ ದೇಶಗಳಲ್ಲಿಯೂ ದೀರ್ಘಕಾಲದ ಕಾಯಿಲೆಯವರಲ್ಲಿ ಪಾಲನೆ ಸರಾಸರಿ ಶೇ. 50ರಷ್ಟು ಮಾತ್ರ ಎಂದಿತು. ಹಳ್ಳಿಯವರು, ಅನಕ್ಷರಸ್ಥರು ಮದ್ದು ಬಿಡುತ್ತಾರೆ ಎಂಬ ಜನಜನಿತ ಅಭಿಪ್ರಾಯಕ್ಕೆ ಈ ಒಂದು ಅಂಕಿಯೇ ಸಾಕಷ್ಟು ಉತ್ತರವಾಗಿದೆ.

ಆದರೆ ಈ ಚರಿತ್ರೆಯ ಮಹತ್ವದ ಅಧ್ಯಾಯವೊಂದು ನಮ್ಮ ಸೀಮೆಯ ಆಸುಪಾಸಿನಲ್ಲಿಯೇ ನಡೆದಿದೆ ಎಂಬುದು ಕನ್ನಡ ಓದುಗರಿಗೆ ಅಷ್ಟಾಗಿ ತಿಳಿದಿಲ್ಲ. ಅದು ಕ್ಷಯರೋಗದ ಕಥೆ. ಮದನಪಲ್ಲಿಯ ಬಳಿಯ ಆರೋಗ್ಯವರಂನಲ್ಲಿ ಮಿಷನರಿ ಸಂಸ್ಥೆಗಳು ಕೂಡಿ ಕಟ್ಟಿದ ಕ್ಷಯ ಆರೋಗ್ಯಧಾಮವು 1915ರಿಂದ ಕೆಲಸ ಮಾಡುತ್ತಿತ್ತು. ಅಂದಿನ ಚಿಕಿತ್ಸೆ ಎಂದರೆ ಗಾಳಿ, ವಿಶ್ರಾಂತಿ, ಒಳ್ಳೆಯ ಆಹಾರ, ತಿಂಗಳುಗಟ್ಟಲೆ ಮನೆಬಿಟ್ಟಿರುವಿಕೆ. ಅದೂ ಒಂದು ಬಗೆಯ ಪಥ್ಯವೇ, ಆದರೆ ಮನೆಯಿಂದ ರೋಗಿಯನ್ನು ಬೇರ್ಪಡಿಸಿ ಮಾಡಿಸಿದ ಪಥ್ಯ. ಮನೆ ಬಿಟ್ಟು ಅಷ್ಟು ಕಾಲ ಇರಬಲ್ಲವರು ಎಷ್ಟು ಮಂದಿ? 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ರಾಸಾಯನಿಕ ಚಿಕಿತ್ಸಾ ಕೇಂದ್ರವು ಈ ಪ್ರಶ್ನೆಗೆ ಉತ್ತರ ಹುಡುಕಿತು. ನಗರದ ಬಡ ರೋಗಿಗಳಲ್ಲಿ ಕೆಲವರಿಗೆ ಆರೋಗ್ಯಧಾಮದಲ್ಲಿ, ಕೆಲವರಿಗೆ ಮನೆಯಲ್ಲಿಯೇ ಒಂದು ವರ್ಷ ಔಷಧ ಕೊಟ್ಟು ಹೋಲಿಸಿ, ಮನೆಯ ಚಿಕಿತ್ಸೆಯೂ ಹೆಚ್ಚುಕಡಮೆ ಅಷ್ಟೇ ಫಲಕಾರಿ ಎಂದು 1959ರಲ್ಲಿ ಪ್ರಕಟಿಸಿತು. ಜಗತ್ತಿನ ಕ್ಷಯ ಚಿಕಿತ್ಸೆಯ ದಿಕ್ಕು ಬದಲಿಸಿದ ಫಲಿತಾಂಶವಿದು. ಅದರೊಂದಿಗೆ ಹೊಸ ಚಿಂತೆಯೂ ಹುಟ್ಟಿತು: ಮನೆಗೆ ಕೊಟ್ಟ ಗುಳಿಗೆಯನ್ನು ರೋಗಿ ನುಂಗುತ್ತಾನೆಯೇ? ಮುನ್ಸೂಚನೆಯಿಲ್ಲದೆ ಮನೆಗೆ ಹೋಗಿ ಉಳಿದ ಗುಳಿಗೆ ಎಣಿಸುವುದು, ಮೂತ್ರ ಪರೀಕ್ಷೆಯಿಂದ ಔಷಧದ ಕುರುಹು ಹುಡುಕುವುದು ಅಲ್ಲಿನ ಕ್ರಮವಾಯಿತು. ಪಥ್ಯವನ್ನು ಮನೆಯವರು ಕಾಯುತ್ತಿದ್ದ ಜಾಗದಲ್ಲಿ ಈಗ ಹೊರಗಿನ ಕಣ್ಣು ಬಂದಿತು.

ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿಯೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಸ್ಥಾಪಿತವಾದ ಇದನ್ನು 1960ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಉದ್ಘಾಟಿಸಿದರು. ಅದರ ಸಮಾಜಶಾಸ್ತ್ರ ವಿಭಾಗದ ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಗೌರಿಬಿದನೂರಿನ ಪಕ್ಕದ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಶ್ನೆ ಬಹು ಸರಳವಾದುದು. ಕಫದಲ್ಲಿ ಕ್ಷಯದ ರೋಗಾಣು ಕಂಡುಬಂದವರಿಗೆ ತಮಗೆ ಕಾಯಿಲೆ ಇದೆ ಎಂಬ ಅರಿವು ಇದೆಯೇ? ಹಳ್ಳಿಗರಿಗೆ ಅರಿವಿರುವುದಿಲ್ಲ, ಮನೆಮನೆಗೆ ಹೋಗಿ ರೋಗ ಹುಡುಕಬೇಕು, ಆಮೇಲೆ ತಿಳಿವಳಿಕೆ ಕೊಡಬೇಕು ಎಂಬ ಭಾವನೆ ಅಂದಿನ ಆಡಳಿತದಲ್ಲಿ ಬೇರೂರಿತ್ತು. ಅಧ್ಯಯನ ಹೇಳಿದ್ದು ಬೇರೆಯೇ. ಅಂಥವರಲ್ಲಿ ಶೇ. 95ರಷ್ಟು ಮಂದಿಗೆ ಒಂದಲ್ಲ ಒಂದು ಲಕ್ಷಣದ ಅರಿವಿತ್ತು. ಹೆಚ್ಚಿನವರು ಅದರಿಂದ ಚಿಂತೆಗೊಳಗಾಗಿದ್ದರು. ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಚಿಕಿತ್ಸೆಗಾಗಿ ಹೊರಟೂ ಇದ್ದರು. ಆಸ್ಪತ್ರೆಯ ಬಾಗಿಲಿಗೆ ಬಂದ ಇವರಲ್ಲಿ ಹಲವರಿಗೆ ದೊರೆತದ್ದು ಕೆಮ್ಮಿನ ಔಷಧದ ಒಂದು ಶೀಷೆ ಮಾತ್ರ. ಕಫದ ಪರೀಕ್ಷೆ ನಡೆಯಲಿಲ್ಲ, ಕ್ಷಯವೆಂದು ಯಾರೂ ಹೇಳಲಿಲ್ಲ.

ಈ ಅಧ್ಯಯನದ ಬೆಳಕಿನಲ್ಲಿ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಜನರು ತಾವಾಗಿ ಅನುಭವಿಸಿದ ಅಗತ್ಯವನ್ನು ತಳಹದಿಯಾಗಿಟ್ಟುಕೊಂಡಿತು: ಕೆಮ್ಮು ಹೊತ್ತು ಬಂದವನನ್ನು ಮೊದಲು ಗಮನಿಸಿ ಎಂಬ ಸೂತ್ರ. ಕನ್ನಡ ಹಳ್ಳಿಯ ರೋಗಿಯ ಮಾತಿನಿಂದ ಒಂದು ರಾಷ್ಟ್ರೀಯ ಕಾರ್ಯಕ್ರಮ ರೂಪ ಪಡೆದ ಈ ನಿದರ್ಶನವನ್ನು ನಮ್ಮ ಸಾಂಸ್ಕೃತಿಕ ಚರಿತ್ರೆಗಳು ದಾಖಲಿಸಿಲ್ಲ ಎಂಬುದು ಖೇದದ ಸಂಗತಿ. ಸೂತ್ರ ಸರಿಯಾಗಿದ್ದರೂ ನಡೆಸುವ ಕೈಗಳು ಸಾಲದಾದವು. ಹನ್ನೆರಡರಿಂದ ಹದಿನೆಂಟು ತಿಂಗಳ ಚಿಕಿತ್ಸೆಯನ್ನು ಬಹಳ ಮಂದಿ ನಡುವೆ ಬಿಟ್ಟರು. ಬಿಟ್ಟವರಿಗೆ ಕಡತಗಳಲ್ಲಿ ಒಂದು ಹೆಸರು ಬಂದಿತು: ‘ಡಿಫಾಲ್ಟರ್’.

ಈ ಪದದ ಬಳಿ ತುಸು ನಿಲ್ಲಬೇಕು. ಡಿಫಾಲ್ಟರ್ ಎಂದರೆ ನಮ್ಮ ಸೀಮೆಯ ರೈತನಿಗೆ ಅರ್ಥವಾಗುವುದು ಸೊಸೈಟಿಯ ಸಾಲ ಕಟ್ಟದವನು ಎಂದು. ಸಹಕಾರ ಇಲಾಖೆಯ ಕನ್ನಡದಲ್ಲಿ ಅವನು ‘ಸುಸ್ತಿದಾರ’. ಕಾಯಿಲೆಯಿಂದ ಸುಸ್ತಾದವನೇ ಕಡತದಲ್ಲಿ ಸುಸ್ತಿದಾರನಾದ ಈ ಶ್ಲೇಷೆ ಯಾರೂ ಉದ್ದೇಶಿಸದೆ ಬಂದದ್ದು. ಕೊಟ್ಟ ಮದ್ದು ಸಾಲವೆಂಬಂತೆ, ಅದನ್ನು ನುಂಗದಿರುವುದು ವಂಚನೆಯೆಂಬಂತೆ ಆ ಪದ ರೋಗಿಯನ್ನು ನಿಲ್ಲಿಸಿತು. ಕೆಮ್ಮಿನ ಶೀಷೆ ಕೊಟ್ಟು ಕಳಿಸಿದವರಿಗೆ ಮಾತ್ರ ಅಂಥದೊಂದು ಹೆಸರು ಕಡತಗಳಲ್ಲಿ ಹುಟ್ಟಲೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ತನ್ನ ವ್ಯಾಖ್ಯೆಗಳನ್ನು ಪರಿಷ್ಕರಿಸಿ ಈ ಪದವನ್ನು ಕೈಬಿಟ್ಟು, ಅನುಸರಣೆಗೆ ಸಿಗದೆ ಹೋದವರು ಎಂಬ ಅರ್ಥದ ಮಾತನ್ನು ತಂದಿತು. ಹಳೆಯ ಪದ ಮಾತಿನಲ್ಲಿ ಇನ್ನೂ ಉಳಿದಿದೆ.

1993ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2006ರ ಹೊತ್ತಿಗೆ ದೇಶವ್ಯಾಪಿಯಾದ ಪರಿಷ್ಕೃತ ಕಾರ್ಯಕ್ರಮವು ಚಿಕಿತ್ಸೆಯನ್ನು ಆರೆಂಟು ತಿಂಗಳಿಗೆ ಇಳಿಸಿತು. ವಾರಕ್ಕೆ ಮೂರು ದಿನ, ಒಬ್ಬರ ಕಣ್ಣೆದುರಿನಲ್ಲಿ ಗುಳಿಗೆ ನುಂಗಬೇಕಿತ್ತು. ಪ್ರತಿ ರೋಗಿಯ ಪೂರ್ತಿ ಚಿಕಿತ್ಸೆಯ ಔಷಧ ಒಂದು ಪೆಟ್ಟಿಗೆಯಲ್ಲಿ ಅವನ ಹೆಸರಿನಲ್ಲಿ ಇರುತ್ತಿತ್ತು. ಅಂಗನವಾಡಿ ಕಾರ್ಯಕರ್ತೆಯೋ ನೆರೆಮನೆಯವರೋ ನೋಡಿಕೊಳ್ಳುವವರಾಗಬಹುದಾಗಿದ್ದ ಈ ಏರ್ಪಾಡು ಪಥ್ಯಕ್ಕೆ ಹತ್ತಿರವಾದದ್ದು. 2005ರ ಗ್ರಾಮೀಣ ಆರೋಗ್ಯ ಅಭಿಯಾನದ ನಂತರ ಆಶಾ ಕಾರ್ಯಕರ್ತೆಯರು ಈ ಕೆಲಸಕ್ಕೆ ಬಂದರು. ಅಕ್ಕ ಎಂದು ಕರೆಸಿಕೊಳ್ಳುವ ಅದೇ ಊರಿನ ಹೆಂಗಸು ಗುಳಿಗೆ ಕೊಡುವುದಕ್ಕೂ ಪಟ್ಟಣದ ಅಪರಿಚಿತರು ಎಣಿಸಿ ನೋಡುವುದಕ್ಕೂ ವ್ಯತ್ಯಾಸವಿದೆ. ಆದರೆ ಇದಕ್ಕೊಂದು ಮುಳ್ಳಿನ ಬದಿಯೂ ಉಂಟು. ಅಮ್ಮ ಬಂದ ಮನೆಗೆ ಬೇವಿನ ತೋರಣ ಗೌರವ ತರುತ್ತದೆ. ಕ್ಷಯ ಬಂದ ಮನೆಯ ಮುಂದೆ ಯಾರಾದರೂ ನಿಂತರೆ ಮದುವೆಯ ಮಾತುಕತೆಗೆ ಕುತ್ತು ಬರುತ್ತದೆ. ಮದುವೆಗೆ ಬಂದ ಮಗಳಿರುವ ಮನೆಯವರು ಪರವೂರಿನ ಆಸ್ಪತ್ರೆಯಿಂದ ಮದ್ದು ತರಿಸುವುದೇಕೆ ಎಂಬುದಕ್ಕೆ ಇಲ್ಲಿ ಕಾರಣವಿದೆ.

ಮದ್ದಿನ ಗುಣಲಕ್ಷಣವನ್ನು ಜನ ತಮ್ಮ ತಿಳಿವಳಿಕೆಯಲ್ಲಿಯೇ ಓದುತ್ತಾರೆ. ಕ್ಷಯದ ಮುಖ್ಯ ಔಷಧಗಳಲ್ಲೊಂದಾದ ರಿಫಾಂಪಿಸಿನ್ ಮೂತ್ರವನ್ನು ಕಿತ್ತಳೆ ಕೆಂಪು ಬಣ್ಣಕ್ಕೆ ತಿರುಗಿಸುತ್ತದೆ. ವೈದ್ಯರಿಗೆ ಇದು ಮದ್ದು ಒಳಹೊಕ್ಕ ಗುರುತು. ಉಷ್ಣ ಮತ್ತು ತಂಪಿನ ಲೆಕ್ಕದಲ್ಲಿ ದೇಹವನ್ನು ಅರಿಯುವವರಿಗೆ ಅದು ಅತಿ ಉಷ್ಣದ ಗುರುತು. ಬೇಸಿಗೆಯಲ್ಲಿ ಇಂಥ ಮದ್ದನ್ನು ಕೆಲವು ದಿನ ತಡೆಹಿಡಿದು ಮಜ್ಜಿಗೆ, ಸಬ್ಬಕ್ಕಿ ಗಂಜಿಯಿಂದ ತಂಪು ಮಾಡಿಕೊಳ್ಳುವುದು ಆ ತರ್ಕಕ್ಕೆ ಸಹಜವಾದ ನಡೆ. ಮೊದಲೇ ಯಾರಾದರೂ ಹೇಳಿದ್ದರೆ ಹೀಗಾಗುತ್ತಿರಲಿಲ್ಲ. ಇನ್ನೊಂದು ಸಂಗತಿ ಕಾಲದ್ದು. ಚಿಕಿತ್ಸೆ ತೊಡಗಿ ಒಂದೆರಡು ತಿಂಗಳಲ್ಲಿ ಜ್ವರ ಬಿಡುತ್ತದೆ, ಕೆಮ್ಮು ತಗ್ಗುತ್ತದೆ, ಊಟ ಸೇರುತ್ತದೆ. ಮಂಡಲದ ಪಥ್ಯವೂ ಸರಿಸುಮಾರು ಅಲ್ಲಿಗೇ ಮುಗಿಯುತ್ತದೆ. ಮುಂದಿನ ನಾಲ್ಕು ತಿಂಗಳಿಗೆ ಜನಪದ ಕಾಲಗಣನೆಯಲ್ಲಿ ಜಾಗವಿಲ್ಲ. ಈ ಎರಡರ ನಡುವಿನ ನಂಟನ್ನು ಅಂಕಿಗಳಿಂದ ಪರೀಕ್ಷಿಸಬೇಕಾದವರು ಆರೋಗ್ಯ ಸಂಶೋಧಕರು; ಜಾನಪದದ ಕಡೆಯಿಂದ ನಾವು ಅದನ್ನು ಊಹೆಯಾಗಿ ಮುಂದಿಡಬಹುದು. ಬೀಪಿ, ಶುಗರ್‌ಗೆ ಬರುವಾಗ ತೊಡಕು ಇನ್ನೂ ಹೆಚ್ಚುತ್ತದೆ. ವಾಸಿಯಾಗದ ಕಾಯಿಲೆಗೆ ಸಾಯುವತನಕ ಮದ್ದು ಎಂಬ ಕಲ್ಪನೆಯೇ ಪಥ್ಯದ ವ್ಯಾಕರಣಕ್ಕೆ ಹೊರಗಿನದು. ಮಾತ್ರೆ ಅಭ್ಯಾಸವಾಗಿಬಿಡುತ್ತದೆ ಎಂಬ ಅಂಜಿಕೆ ಇಲ್ಲಿಂದ ಹುಟ್ಟಿದ್ದು.

ಹಳ್ಳಿಗರಿಗೆ ಹೊತ್ತು ಗೊತ್ತಿನ ಶಿಸ್ತಿಲ್ಲ ಎನ್ನುವವರು ಶಿಡ್ಲಘಟ್ಟದ ಕಡೆಯ ಒಂದು ಹುಳುಮನೆಯನ್ನು ನೋಡಬೇಕು. ರೇಷ್ಮೆಹುಳು ಪೊರೆ ಬಿಡುವ ಅವಸ್ಥೆಗೆ ನಮ್ಮ ರೈತರು ‘ಜ್ವರ’ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂರುತ್ತದೆ, ಜ್ವರ ಬಿಟ್ಟು ಏಳುತ್ತದೆ. ಇಂಥ ನಾಲ್ಕು ಜ್ವರಗಳಾದ ಮೇಲೆ ಗೂಡು. ಜ್ವರದಲ್ಲಿರುವಾಗ ಸೊಪ್ಪು ಹಾಕಬಾರದು, ಎದ್ದೊಡನೆ ಹಾಕಲೇಬೇಕು. ಒಗ್ಗರಣೆಯ ಹೊಗೆ, ಬೀಡಿ, ಔಷಧಿ ಸಿಂಪಡಿಸಿದ ಬಟ್ಟೆ ಒಳಗೆ ಬರಬಾರದು. ನಾಲ್ಕನೆಯ ಜ್ವರ ಎದ್ದ ಮೇಲಿನ ಸುಮಾರು ಒಂದು ವಾರ ಹುಳು ತನ್ನ ಆಯುಸ್ಸಿನ ಬಹುಪಾಲು ಸೊಪ್ಪನ್ನು ತಿನ್ನುತ್ತದೆ. ಮನೆಯವರಿಗೆ ಹಗಲಿರುಳಿನ ವ್ಯತ್ಯಾಸವಿರುವುದಿಲ್ಲ. ಹುಳುವಿನ ಪಥ್ಯವನ್ನು ಗಳಿಗೆಯೂ ತಪ್ಪದಂತೆ ನಡೆಸುವ ಹೆಂಗಸು ತನ್ನ ಮಾತ್ರೆಯನ್ನು ಮರೆಯುವುದು ಅದೇ ವಾರದಲ್ಲಿ. ಆಸ್ಪತ್ರೆಗೆ ಬರಬೇಕಾದ ತಾರೀಕು ತಪ್ಪುವುದೂ ಆಗಲೇ. ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿನ ತೊಟ್ಟಿಯ ಮುಂದೆ ದಿನಗೂಲಿಗೆ ಕೂರುವವರಿಗಂತೂ ಹೊರರೋಗಿ ವಿಭಾಗದ ವೇಳೆ ಎಂದರೆ ಒಂದು ದಿನದ ಕೂಲಿ. 2018ರಲ್ಲಿ ಕ್ಷಯ ರೋಗಿಗಳಿಗೆ ತಿಂಗಳಿಗೆ 500 ರೂಪಾಯಿಗಳ ಪೋಷಣೆಯ ನೆರವು ಆರಂಭವಾಗಿ 2024ರ ನವೆಂಬರಿನಿಂದ ಅದು 1000 ರೂಪಾಯಿಯಾಗಿದೆ. ಪಥ್ಯಕ್ಕೆ ಅನ್ನವೂ ಬೇಕೆಂಬುದನ್ನು ಸರ್ಕಾರ ಒಪ್ಪಿಕೊಂಡ ಕ್ರಮವಿದು. ಅದೇ 2024ರ ಆರಂಭದಲ್ಲಿ ದೇಶದ ಹಲವೆಡೆ ಕ್ಷಯದ ಔಷಧಗಳೇ ದೊರೆಯದೆ ರೋಗಿಗಳು ಅಲೆದಾಡಿದರು. ಆಗ ಸುಸ್ತಿದಾರ ಯಾರು ಎಂಬ ಪ್ರಶ್ನೆಯನ್ನು ಯಾವ ಮಾಪಕವೂ ಕೇಳುವುದಿಲ್ಲ.

ಕೊನೆಯದಾಗಿ ಭಾಷೆಯ ಸಮಸ್ಯೆ. ಇಂಗ್ಲಿಷಿನಲ್ಲಿ ರಚಿತವಾದ ಪ್ರಶ್ನಾವಳಿಗಳು ಕನ್ನಡಕ್ಕೆ ಬರುವಾಗ ‘ಚಿಕಿತ್ಸೆಯಿಂದ ನಿಮಗೆ ತೃಪ್ತಿಯಾಗಿದೆಯೇ?’ ಎಂಬ ರೂಪ ತಾಳುತ್ತವೆ. ತೃಪ್ತಿ ನಮ್ಮಲ್ಲಿ ಊಟದ ಮಾತು. ಬಡಿಸಿದವರು ಕೇಳಿದಾಗ ಇಲ್ಲ ಎನ್ನುವುದು ಮರ್ಯಾದೆಯಲ್ಲ. ಬಿಟ್ಟಿ ಮದ್ದು ಕೊಟ್ಟ ಆಸ್ಪತ್ರೆಯ ಜಗಲಿಯಲ್ಲಿಯೇ ಕುಳಿತು ಈ ಪ್ರಶ್ನೆ ಕೇಳಿದರೆ ಬರುವ ಉತ್ತರ ಬಹುಪಾಲು ‘ಆಗಿದೆ ಸ್ವಾಮಿ’ ಎಂದೇ ಇರುತ್ತದೆ. ಅದರಿಂದ ಅಂಕಿ ಎತ್ತರಕ್ಕೇರುತ್ತದೆ, ತಿಳಿವಳಿಕೆ ಹೆಚ್ಚುವುದಿಲ್ಲ. ಅದೇ ಮಂದಿಯನ್ನು ಮನೆಯ ಹಜಾರದಲ್ಲಿ ಕುಳಿತು, ಅಲ್ಲಿ ಯಾರ ಕೈಗುಣ ಚೆನ್ನಾಗಿದೆ, ಚಿಂತಾಮಣಿಯ ಕಡೆಯಾದರೆ ಯಾರ ಹಸ್ತವಾಸಿ ಒಳ್ಳೆಯದು ಎಂದು ಕೇಳಿದರೆ ಮಾತು ಅರ್ಧ ಗಂಟೆ ನಡೆಯುತ್ತದೆ; ಯಾರು ಮೈ ಮುಟ್ಟಿ ನೋಡಿದರು, ಯಾರು ಗದರಿಸಿದರು, ಎಲ್ಲಿ ಮದ್ದು ಇಲ್ಲವೆಂದರು ಎಂಬುದೆಲ್ಲ ಹೊರಬರುತ್ತದೆ. ಔಷಧಪಾಲನೆಯ ಪ್ರಶ್ನೆಗಳದೂ ಇದೇ ಪಾಡು. ‘ಮಾತ್ರೆ ಮರೆತದ್ದುಂಟೇ?’ ಎಂದರೆ ಇಲ್ಲ ಎನ್ನುವವರು, ‘ಪಥ್ಯ ನಡೆಸಲು ಮನೆಯಲ್ಲಿ ಅನುಕೂಲವಾಯಿತೇ?’ ಎಂದರೆ ಹುಳು ಎದ್ದ ವಾರವನ್ನು, ಮಗಳ ಬಾಣಂತನವನ್ನು, ಸುಗ್ಗಿಯನ್ನು ಒಂದೊಂದಾಗಿ ನೆನೆಯುತ್ತಾರೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ನಮ್ಮವರು ಬಳಸುವುದು ಅಪರೂಪದ ಅದೃಷ್ಟ ಒದಗಿದಾಗ. ಉಳಿದ ದಿನಗಳಲ್ಲಿ ಬಯಸಿದ್ದು ಬೇರೆ, ಹೇಳಿದ್ದು ಬೇರೆ ಎಂಬುದು ಗಾದೆ ಕಟ್ಟಿದವರಿಗೆ ಗೊತ್ತಿತ್ತು.